ಅಪ್ಪಿಕೊಂಡು ಗೆದ್ದ ಚಾಂಪಿಯನ್

ಮಾನ್ಯರೇ,

ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಉಕ್ರೇನಿನ ವ್ಲಾದಿಮಿರ್ ಕ್ಲಿಚ್‌ಕೊ ಅವರ ದೀರ್ಘ ಆಳ್ವಿಕೆಯನ್ನು ಹೊಗಳುವವರು, 2013ರ ಅಕ್ಟೋಬರ್ 5ರಂದು ಮಾಸ್ಕೋದಲ್ಲಿ ರಷ್ಯಾದ ಅಲೆಕ್ಸಾಂಡರ್ ಪೊವೆಟ್ಕಿನ್ ವಿರುದ್ಧ ನಡೆದ ಪಂದ್ಯವನ್ನು ಇನ್ನೊಮ್ಮೆ ನೋಡಬೇಕು. ಎಡಗೈಯ ಜಾಬ್ (ಚುಟುಕಾದ ನೇರ ಗುದ್ದು) ಬೀಸಿದೊಡನೆ ಮುನ್ನುಗ್ಗಿ, ತಮಗಿಂತ ಕುಳ್ಳಗಿದ್ದ ಎದುರಾಳಿಯ ಕುತ್ತಿಗೆಯ ಮೇಲೆ ತೋಳು ಹಾಕಿ, ಮೈಭಾರವನ್ನೆಲ್ಲ ಹೇರಿ ಬಗ್ಗಿಸುವ ಕೆಲಸವನ್ನೇ ಅವರು ಸುತ್ತಿನಿಂದ ಸುತ್ತಿಗೆ ಮುಂದುವರಿಸಿದರು. ಇದಕ್ಕಾಗಿ ರೆಫರಿ ಒಂದು ಅಂಕ ಕಳೆದದ್ದು 11ನೇ ಸುತ್ತಿನಲ್ಲಿ. ಅಷ್ಟರಲ್ಲಿ ಪೊವೆಟ್ಕಿನ್ ನಾಲ್ಕು ಬಾರಿ ನೆಲ ಕಂಡಾಗಿತ್ತು. ಮೂವರು ತೀರ್ಪುಗಾರರೂ ಗೆದ್ದ ಕ್ಲಿಚ್‌ಕೊ ಪರವಾಗಿ 119–104 ಎಂದೇ ಅಂಕ ಬರೆದರು.

ಜಾಬ್, ಎಡ ಹುಕ್ (ಪಕ್ಕದಿಂದ ತೋಳು ಬಾಗಿಸಿ ಬೀಸುವ ಗುದ್ದು), ನೇರ ಬಲಗೈ ಹೊಡೆತ, ಈ ಮೂರರಲ್ಲಿ ಕ್ಲಿಚ್‌ಕೊ ನಿಸ್ಸಂದೇಹವಾಗಿ ನಿಪುಣರಾಗಿದ್ದರು. ಆದರೆ ಅಪ್ಪರ್‌ಕಟ್ (ಕೆಳಗಿನಿಂದ ಗದ್ದಕ್ಕೆ ಬೀಸುವ ಗುದ್ದು) ಆಗಲಿ, ಪಕ್ಕೆಲುಬಿಗೆ ಬೀಳುವ ಏಟಾಗಲಿ ಅವರಲ್ಲಿ ಅಪರೂಪವಾಗಿತ್ತು. ಅವು ಹತ್ತಿರದ ಕಾಳಗದ ಅಸ್ತ್ರಗಳು. ಹತ್ತಿರ ಬಂದಾಗಲೆಲ್ಲ ಅಪ್ಪಿಕೊಳ್ಳಲು ಬಿಟ್ಟರೆ ಅವುಗಳನ್ನು ಕಲಿಯುವ ದರ್ದಾದರೂ ಯಾರಿಗಿದೆ? 2017ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ತಮ್ಮ 41ನೇ ವಯಸ್ಸಿನಲ್ಲಿ (ಇದನ್ನೂ ಹೇಳುವುದು ನ್ಯಾಯ) ಸೊಗಸಾಗಿಯೇ ಹೋರಾಡಿದ ಅವರನ್ನು ಬ್ರಿಟನ್ನಿನ ಆಂಟನಿ ಜೋಶುವಾ 11ನೇ ಸುತ್ತಿನಲ್ಲಿ ಅಲುಗಾಡಿಸಿದ್ದು ಅಂಥದೇ ಒಂದು ಅಪ್ಪರ್‌ಕಟ್‌ನಿಂದ.

– ಬಾಕ್ಸಿಂಗ್ ಅಭಿಮಾನಿ