ಪೇಟೆಂಟ್ ಇಲ್ಲದ ‘ಪೇಟೆಂಟ್ ಔಷಧ’ಗಳು

ಮಾನ್ಯ ಸಂಪಾದಕರೇ,

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಮನೆಮದ್ದುಗಳ ಕುರಿತು ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ‘ಪೇಟೆಂಟ್ ಔಷಧ’ವೆಂದರೆ ಸರ್ಕಾರದಿಂದ ಪೇಟೆಂಟ್ ಪಡೆದದ್ದು ಎಂದಿರುವುದು ಸರಿಯಲ್ಲ. ಬಹುಪಾಲು ಔಷಧಗಳಿಗೆ ಪೇಟೆಂಟೇ ಇರಲಿಲ್ಲ. ಅದು ಬೇಕೆಂದರೆ ಒಳಗೇನಿದೆ ಎಂದು ಬರೆದುಕೊಡಬೇಕು. ಗುಟ್ಟು ಬಿಟ್ಟುಕೊಟ್ಟ ಮೇಲೆ ವ್ಯಾಪಾರವೆಲ್ಲಿ? ಬಾಟಲಿಗೆ ಅಂಟಿಸುತ್ತಿದ್ದದ್ದು ಸುಂಕದ ಚೀಟಿ ಮಾತ್ರ. ಒಂದು ಶಿಲಿಂಗ್‌ವರೆಗಿನ ಔಷಧಕ್ಕೆ ಒಂದೂವರೆ ಪೆನ್ನಿ ಸುಂಕ. ಆಗಿನ ಜಾಹೀರಾತುಗಳಲ್ಲಿ ಕಾಣುವ ‘1 ಶಿಲಿಂಗ್ 1½ ಪೆನ್ನಿ’ ಎಂಬ ವಿಚಿತ್ರ ಬೆಲೆ ಹುಟ್ಟಿದ್ದು ಹೀಗೆ. ಸರ್ಕಾರಿ ಮುದ್ರೆ ನೋಡಿದ ಜನ ಇದು ಪರೀಕ್ಷೆಯಾದ ಮಾಲು ಎಂದುಕೊಂಡರು. ಮಾರುವವರೇಕೆ ಅಲ್ಲವೆನ್ನುತ್ತಾರೆ!

ಬರಹದಲ್ಲಿ ‘ಸೌಮ್ಯ ಪಾನಕ’ ಎನಿಸಿಕೊಂಡ ಗಾಡ್‌ಫ್ರೀಸ್ ಕಾರ್ಡಿಯಲ್ಲಿನಲ್ಲಿ ಇದ್ದದ್ದು ಕಾಕಂಬಿ, ನೀರು, ಸುವಾಸನೆಗೆ ಸಸ್ಸಾಫ್ರಾಸ್ ಎಂಬ ಮರದ ಸಾರ, ಜೊತೆಗೆ ಅಫೀಮು. ರಚ್ಚೆ ಹಿಡಿದ ಕೂಸಿಗೆ ಒಂದು ಚಮಚ. ಹೆಸರೊಂದೇ, ಪಾಕ ಮಾತ್ರ ಅಂಗಡಿಗೊಂದು. ಒಂದು ಅಂಗಡಿಯದಕ್ಕಿಂತ ಇನ್ನೊಂದರದರಲ್ಲಿ ಅಫೀಮು ಹಲವು ಪಟ್ಟು ಹೆಚ್ಚು. ಅಂಗಡಿ ಬದಲಿಸಿದ ತಾಯಿ ಅಭ್ಯಾಸದಂತೆ ಅದೇ ಒಂದು ಚಮಚ ಹಾಕಿದರೆ ಮುಗಿಯಿತು. ಒಂದೇ ಅಂಗಡಿಯದಾದರೂ ನೆಮ್ಮದಿಯಿಲ್ಲ. ಕಾಯಿಸಿಟ್ಟ ಬೆಣ್ಣೆಯ ಗಸಿ ತಳ ಹಿಡಿಯುವಂತೆ, ಇಟ್ಟಲ್ಲೇ ಇಟ್ಟ ಬಾಟಲಿಯಲ್ಲಿ ಅಫೀಮಿನಂಶ ತಳಕ್ಕೆ ಕೂರುತ್ತಿತ್ತು. ಅಲುಗಾಡಿಸದೆ ಬಗ್ಗಿಸಿದರೆ ಮೊದಲ ಚಮಚಗಳು ಬರೀ ಸಿಹಿನೀರು; ಕೊನೆಯ ಚಮಚಕ್ಕೆ ಕೂಸಿನ ಉಸಿರು ನಿಲ್ಲಬಹುದು.

ಇನ್ನೊಂದು ಸಾವು ನಿಧಾನದ್ದು. ದಿನವೂ ಅಫೀಮು ಕುಡಿದ ಮಗು ಮಂಪರಿನಲ್ಲೇ ಇರುತ್ತದೆ, ಹಸಿದು ಅಳುವುದಿಲ್ಲ, ಹಾಲು ಕೇಳುವುದಿಲ್ಲ. ಬಡಕಲಾಗಿ ತೀರಿಕೊಂಡರೆ ದಾಖಲೆಯಲ್ಲಿ ‘ನಿಶ್ಶಕ್ತಿ’ ಎಂದಷ್ಟೇ ಬರೆದರು. ಹೀಗಾಗಿ ಅಫೀಮಿನ ಲೆಕ್ಕಕ್ಕೆ ಸಿಗದ ಸಾವುಗಳೇ ಬಹಳ.

ಲಾಡನಮ್ ಮತ್ತು ಪ್ಯಾರೆಗೋರಿಕ್ ಒಂದೇ ಎಂದಿರುವುದು ಇದಕ್ಕಿಂತ ದೊಡ್ಡ ತಪ್ಪು. ಎರಡೂ ಮದ್ಯಸಾರದಲ್ಲಿ ಇಳಿಸಿದ ಅಫೀಮೇ, ನಿಜ. ಆದರೆ ಪ್ಯಾರೆಗೋರಿಕ್ ಕರ್ಪೂರ ಸೇರಿಸಿದ ತೆಳು ದ್ರಾವಣ. ಅಷ್ಟೇ ಅಳತೆಯ ಲಾಡನಮ್ಮಿನಲ್ಲಿ ಅಫೀಮು ಹದಿನೈದು ಪಟ್ಟಿಗೂ ಹೆಚ್ಚು. ಎರಡು ಮೂರು ಹನಿ ಲಾಡನಮ್ ಹಸುಗೂಸನ್ನು ಕೊಂದದ್ದುಂಟು. ಬಾಟಲಿ ಅದಲುಬದಲಾಗಿ ಆದ ಅನಾಹುತಗಳು ಕಡಿಮೆಯಲ್ಲ.

1868ರ ಫಾರ್ಮಸಿ ಕಾಯ್ದೆಯಿಂದ ಅಫೀಮು ಮಾರುವವರು ‘ವಿಷ’ ಎಂಬ ಚೀಟಿ ಅಂಟಿಸಬೇಕಾಯಿತು. ಆದರೆ ಪೇಟೆಂಟ್ ಔಷಧಗಳಿಗೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿತು! ಕ್ಲೋರೋಡೈನ್ ಅದರ ನೆರಳಲ್ಲೇ ಬೆಳೆಯಿತು. ಭಾರತದಲ್ಲಿ ಸೇನಾ ವೈದ್ಯರಾಗಿದ್ದ ಕಾಲಿಸ್ ಬ್ರೌನ್ 1848ರಲ್ಲಿ ಕಾಲರಾಕ್ಕೆಂದು ಕಲಸಿದ ಔಷಧವದು: ಅಫೀಮು, ಕ್ಲೋರೋಫಾರ್ಮ್, ಗಾಂಜಾ. ಭೇದಿ ನಿಲ್ಲುತ್ತಿದ್ದದ್ದು ಸುಳ್ಳಲ್ಲ, ಅಫೀಮು ಕರುಳಿನ ಚಲನೆಯನ್ನು ತಗ್ಗಿಸುತ್ತದೆ. ಚಟ ಹಿಡಿಯುತ್ತಿದ್ದದ್ದೂ ಅದರಿಂದಲೇ.

ಎಲ್ಲವೂ ವಿಷವೆಂದಲ್ಲ. ಬೀಚಮ್ಸ್ ಗುಳಿಗೆಯನ್ನು ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಪರೀಕ್ಷಿಸಿ 1909ರಲ್ಲಿ ಪ್ರಕಟಿಸಿದಂತೆ, ಅದರಲ್ಲಿದ್ದದ್ದು ಲೋಳೆಸರದ ಒಣರಸ, ಶುಂಠಿ, ಸಾಬೂನು. ಅಂದರೆ ಭೇದಿ ಮಾಡಿಸುವ ಒಂದು ಸಾಧಾರಣ ಮದ್ದು. ಒಂದು ಡಬ್ಬಿಯಲ್ಲಿ 56 ಗುಳಿಗೆ, ಬೆಲೆ ಅದೇ 1 ಶಿಲಿಂಗ್ 1½ ಪೆನ್ನಿ. ಒಳಗಿನ ಸಾಮಗ್ರಿಯ ಅಸಲು ಸುಮಾರು ಅರ್ಧ ಫಾರ್ದಿಂಗ್, ಅಂದರೆ ಪೆನ್ನಿಯ ಎಂಟನೇ ಒಂದು ಪಾಲು; ಮೇಲಿನ ಚೀಟಿಯ ಸುಂಕದ ಹನ್ನೆರಡನೇ ಒಂದು ಪಾಲು.

ಇಂತಿ,
ಒಬ್ಬ ಓದುಗ, ಮೈಸೂರು