ಐದು ಹಕ್ಕಿಗೆ ಒಂದೇ ಬಟ್ಟಲು ಸಾಲದು

ಮಾನ್ಯ ಸಂಪಾದಕರೇ,

ಬಡ್ಜಿ ಎಂಬ ಪುಟ್ಟ ಗಿಳಿಗಳನ್ನು ನಾವು ಲವ್ ಬರ್ಡ್ಸ್ ಎಂದೇ ಕರೆಯುತ್ತೇವೆ. ನಿಜವಾದ ಲವ್ ಬರ್ಡ್ಸ್ ಬೇರೆ ಹಕ್ಕಿ, ಇರಲಿ ಬಿಡಿ. ನನ್ನ ಬಳಿ ಈಗ ಐದು ಬಡ್ಜಿಗಳಿವೆ. ಮೊದಲು ಗುಮ್ಮಟದಂಥ ಎತ್ತರದ ಪಂಜರ ತಂದಿದ್ದೆ. ನೋಡಲು ಚೆಂದ, ಹಕ್ಕಿಗೆ ಹಿಂಸೆ. ಅವು ಹಾರುವುದು ಅಡ್ಡಕ್ಕೆ. ಎತ್ತರಕ್ಕಿಂತ ಉದ್ದ ಮುಖ್ಯ. ಕಂಬಿಗಳ ಸಂದಿ ಅರ್ಧ ಇಂಚಿಗಿಂತ ಜಾಸ್ತಿ ಇದ್ದರೆ ತಲೆ ಸಿಕ್ಕಿಕೊಳ್ಳಬಹುದು.

ಜಗಳವೆಲ್ಲ ಕಾಳಿನ ಬಟ್ಟಲ ಹತ್ತಿರವೇ. ಕಂದು ಮೂಗಿನ ಹೆಣ್ಣೊಂದು ಬಟ್ಟಲ ಅಂಚಿನಲ್ಲಿ ಕೂತು, ಹತ್ತಿರ ಬಂದ ನೀಲಿ ಮೂಗಿನ ಗಂಡಿನ ಕಾಲನ್ನೇ ಕಚ್ಚುತ್ತಿತ್ತು. ನಾಲ್ಕು ಬಟ್ಟಲು ತಂದು ದೂರ ದೂರ ಕಟ್ಟಿದೆ. ಗೂಡಿನ ಮಡಕೆಯನ್ನೂ ತೆಗೆದೆ, ಹೆಣ್ಣುಗಳು ಅದಕ್ಕಾಗಿ ರಕ್ತ ಬರುವಂತೆ ಕಾದಾಡುತ್ತವೆ. ಈಗ ಸಂಜೆಯಾದರೆ ಐದೂ ಮೇಲಿನ ಕೊಂಬೆಯಲ್ಲಿ ಸಾಲಾಗಿ ಕೂತು ಒಂದರ ತಲೆ ಇನ್ನೊಂದು ಕೆರೆಯುತ್ತವೆ.

ಹೊಸ ಹಕ್ಕಿಯನ್ನು ಸುಮ್ನೆ ಒಳಗೆ ಬಿಡಬೇಡಿ. ರೋಗ ಹರಡದಂತೆ 30 ದಿನ ಬೇರೆ ಕೋಣೆಯಲ್ಲಿಡಿ. ನಾನು ಅವಸರ ಮಾಡಿ ಹಳೆಯದೊಂದನ್ನು ಕಳೆದುಕೊಂಡೆ. ಮಾರುವವರು ಪಂಜರದ ಬಣ್ಣ ಹೊಗಳಿದರೇ ಹೊರತು ಇದನ್ನು ಹೇಳಲಿಲ್ಲ. ಪಂಜರದ ಜೊತೆ ಒಂದು ಚೀಟಿಯಲ್ಲಾದರೂ ಬರೆದುಕೊಡಬಹುದಿತ್ತು, ಅಲ್ವಾ?

ಇಂತಿ,
ಹಕ್ಕಿ ಸಾಕುವ ಒಬ್ಬ ಓದುಗ