ಹನಿ ನೀರಾವರಿ: ಕೊಳವೆ ಹಾಸಿದರೆ ಸಾಲದು

ಮಾನ್ಯರೇ,

ಹನಿ ನೀರಾವರಿಯ ಕೊಳವೆ ಹಾಸುವಾಗ ಇರುವ ಉತ್ಸಾಹ ಅದರ ನಿರ್ವಹಣೆಯಲ್ಲಿ ಕಾಣುತ್ತಿಲ್ಲ. ಎಷ್ಟೋ ತೋಟಗಳಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಕೊಳವೆಗಳು ಸುರುಳಿ ಸುತ್ತಿಕೊಂಡು ಬೇಲಿ ಬದಿ ಸೇರಿರುತ್ತವೆ. ಗಂಟೆಗೆ 2, 4 ಅಥವಾ 8 ಲೀಟರ್ ನೀರು ಬಿಡುವ ಡ್ರಿಪ್ಪರ್‌ನ ದಾರಿ ಬಲು ಕಿರಿದು. ಪಾಚಿ, ನುಣ್ಣನೆಯ ಮರಳು, ಗಡಸು ನೀರಿನ ಸುಣ್ಣ ಅದನ್ನು ಮುಚ್ಚಿಬಿಡುತ್ತವೆ. ಸಾಲಿನ ಮೊದಲ ಗಿಡದ ಬುಡ ಕೆಸರಾಗಿ, ಕೊನೆಯ ಗಿಡ ಬಾಡಿ ನಿಂತಾಗ ಬೈಗುಳ ಬೀಳುವುದು ಪದ್ಧತಿಗೆ. ಫಿಲ್ಟರ್ ತೊಳೆಯದ ನಮಗಲ್ಲ! ನೀರನ್ನು ತುಂತುರಾಗಿ ಚಿಮ್ಮಿಸುವ ಮೈಕ್ರೊ ಸ್ಪ್ರಿಂಕ್ಲರ್‌ನ ರಂಧ್ರ ದೊಡ್ಡದಾದ್ದರಿಂದ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ, ನಿಜ. ಆದರೆ ನಡುಹಗಲ ಬಿಸಿಲು, ಬೀಸುಗಾಳಿಯಲ್ಲಿ ಅದನ್ನು ಚಾಲೂ ಮಾಡಿದರೆ ಒಂದಷ್ಟು ನೀರು ಬೇರಿಗೆ ಇಳಿಯುವ ಮೊದಲೇ ಆವಿಯಾಗುತ್ತದೆ.

ಸಲಕರಣೆ ಮಾರುವವರು ಮತ್ತು ಸಹಾಯಧನ ನೀಡುವ ಇಲಾಖೆಗಳು ಅಳವಡಿಕೆಯ ದಿನವೇ ಫಿಲ್ಟರ್ ಬಿಚ್ಚಿ ತೊಳೆಯುವುದನ್ನೂ, ಕೊಳವೆಯ ಕೊನೆಯ ಮುಚ್ಚಳ ತೆಗೆದು ತಿಳಿನೀರು ಬರುವವರೆಗೆ ಹರಿಯಬಿಡುವುದನ್ನೂ ರೈತರ ಕೈಯಿಂದಲೇ ಮಾಡಿಸಲಿ. ಫಿಲ್ಟರ್‌ನ ಎರಡೂ ಬದಿಗೆ ಒತ್ತಡ ಮಾಪಕ ಕೂರಿಸುವುದನ್ನು ಕಡ್ಡಾಯಗೊಳಿಸಲಿ. ಎರಡೂ ತೋರಿಸುವ ಒತ್ತಡದ ಅಂತರ ಹೆಚ್ಚಿದ ಕೂಡಲೇ ತೊಳೆಯುವ ಹೊತ್ತು ಬಂತೆಂದು ಯಾರಿಗಾದರೂ ತಿಳಿಯುತ್ತದೆ.

– ಒಬ್ಬ ಓದುಗ